ಜಾವಾಸ್ಕ್ರಿಪ್ಟಿನ ‘ಫ್ಲಾಟ್‌ಮ್ಯಾಪ್’ ವಿಧಾನ: ಒಂದು ವಿಮರ್ಶೆ

ಶಾಸನಗಳ ನಾಮಸೂಚಿಗಳನ್ನು ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸುವ ಕಾರ್ಯ ಇತಿಹಾಸದ ವಿದ್ಯಾರ್ಥಿಗಳಿಗೆ ಈಗ ಅಪರಿಚಿತವಲ್ಲ. ಇದರಲ್ಲಿ ತೊಡಗಿದವರಿಗೆ ಮೊದಲು ಎದುರಾಗುವ ತೊಡಕು ಇದು: ಶಾಸನ ಒಂದು, ಅದರಿಂದ ಹೊರಡುವ ಹೆಸರುಗಳು ಹಲವು. ಹಲ್ಮಿಡಿಯ ಶಾಸನ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಹೇಳುತ್ತದೆ. ಒಂದನೆಯ ಪುಲಕೇಶಿಯ 543ರ ಬಾದಾಮಿ ಶಾಸನ ವಾತಾಪಿಯನ್ನು ಹೇಳುತ್ತದೆ. ಊರಿನ ಹೆಸರೇ ಉಳಿದಿರದ ವೀರಗಲ್ಲುಗಳೂ ಉಂಟು. ಇಂತಹ ಸಾಮಗ್ರಿಗೆ ಜಾವಾಸ್ಕ್ರಿಪ್ಟ್ ಭಾಷೆ ಒದಗಿಸಿರುವ ಉಪಾಯ ಎಷ್ಟರಮಟ್ಟಿಗೆ ಒಪ್ಪತಕ್ಕದ್ದು ಎಂಬುದನ್ನು ಇಲ್ಲಿ ಪರಾಮರ್ಶಿಸಲಾಗಿದೆ.

ಆ ಭಾಷೆಯ ‘ಮ್ಯಾಪ್’ ಎಂಬ ವಿಧಾನ 2009ರ ಐದನೆಯ ಆವೃತ್ತಿಯ ನಿಯಮಗ್ರಂಥದಲ್ಲಿ ಸೇರಿತು. ಸರಣಿಯ ಪ್ರತಿಯೊಂದು ಅಂಶಕ್ಕೂ ಪ್ರತಿಯಾಗಿ ಒಂದೇ ಒಂದು ಫಲವನ್ನು ಕೊಡುವುದು ಅದರ ಧರ್ಮ. ಮೇಲ್ಕಂಡ ಮೂರು ಕಲ್ಲುಗಳನ್ನು ಕೊಟ್ಟರೆ ಮೂರೇ ಫಲಗಳು ದೊರೆಯುತ್ತವೆ: ಎರಡು ಹೆಸರುಗಳ ಒಂದು ಸರಣಿ, ಒಂದು ಹೆಸರಿನ ಇನ್ನೊಂದು, ಬರಿದಾದ ಮತ್ತೊಂದು. ನಮಗೆ ಬೇಕಾದುದು ಪೆಟ್ಟಿಗೆಯೊಳಗಿನ ಪೆಟ್ಟಿಗೆಯಲ್ಲ, ಹೆಸರುಗಳ ಒಂದೇ ಸಾಲು. ಇದಕ್ಕಾಗಿ ಹಲವರು ‘ರೆಡ್ಯೂಸ್’ ಮತ್ತು ‘ಕಾನ್‌ಕ್ಯಾಟ್’ಗಳನ್ನು ಬೆರೆಸಿ ಬರೆಯುತ್ತಿದ್ದರು. ಪ್ರತಿ ಹೆಜ್ಜೆಗೂ ಅದುವರೆಗಿನ ಸರಣಿಯನ್ನೆಲ್ಲ ಹೊಸದಾಗಿ ನಕಲು ಮಾಡುವ ಈ ಕ್ರಮ ಸಾವಿರಾರು ಶಾಸನಗಳ ಮುಂದೆ ಕುಂಟುವುದು ಸಹಜ. ಸಾಮಾನ್ಯ ಲೂಪಿನೊಳಗೆ ‘ಪುಷ್’ ಮಾಡುತ್ತ ಹೋಗುವ ಹಳೆಯ ಪದ್ಧತಿಯೇ ಇದಕ್ಕಿಂತ ಮೇಲೆಂಬುದು ನಮ್ಮ ಅಭಿಪ್ರಾಯ.

2019ರ ಆವೃತ್ತಿಯಲ್ಲಿ ಬಂದ ‘ಫ್ಲಾಟ್‌ಮ್ಯಾಪ್’ ಈ ಕೊರತೆಯನ್ನು ನೀಗಿಸಿತು. ನಾವು ಕೊಟ್ಟ ಫಂಕ್ಷನ್ ಒಂದೊಂದು ಅಂಶಕ್ಕೂ ಒಂದು ಸರಣಿಯನ್ನು ಹಿಂದಿರುಗಿಸಿದರೆ, ಅದು ಆ ಸರಣಿಗಳನ್ನು ಒಂದು ಮಟ್ಟದಷ್ಟು ಮಾತ್ರ ಬಿಡಿಸಿ ಒಟ್ಟುಗೂಡಿಸುತ್ತದೆ. ಬರಿದಾದ ಸರಣಿ ತಾನಾಗಿ ಮಾಯವಾಗುವುದರಿಂದ ಹೆಸರಿಲ್ಲದ ವೀರಗಲ್ಲನ್ನು ಬೇರೆಯಾಗಿ ಸೋಸಬೇಕಾಗಿಲ್ಲ. ವಿಚಾರವೇನೂ ಹೊಸದಲ್ಲ, 1962ರ ಲಿಸ್ಪ್ 1.5 ಕೈಪಿಡಿಯಲ್ಲಿಯೇ ‘ಮ್ಯಾಪ್‌ಕಾನ್’ ಎಂಬ ಇದರ ಪೂರ್ವಜ ಕಾಣಸಿಗುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ನಿರ್ಮಿಸಿದ ಭಾಷೆಗೆ ಇದು ದಕ್ಕಲು ಇಪ್ಪತ್ತನಾಲ್ಕು ವರ್ಷಗಳು ಹಿಡಿದವೆಂಬುದೇ ಅಚ್ಚರಿ.

ಇದರ ಜೊತೆಗಾರ ವಿಧಾನಕ್ಕೆ ಮೊದಲು ಇಟ್ಟ ಹೆಸರು ‘ಫ್ಲಾಟನ್’. ಆದರೆ ಮೂಟೂಲ್ಸ್ ಎಂಬ ಹಳೆಯ ಸಾಧನಸಂಗ್ರಹ ಅದೇ ಹೆಸರಿನ ತನ್ನ ವಿಧಾನವನ್ನು ಸರಣಿಗಳಿಗೆ ಸೇರಿಸಿ, ಅಲ್ಲಿಂದ ಎಣಿಸಿ ಬೇರೊಂದೆಡೆಗೆ ನಕಲು ಮಾಡುತ್ತಿತ್ತು. ಬ್ರೌಸರಿನಲ್ಲಿಯೇ ಆ ಹೆಸರಿದ್ದರೆ ಅದು ಎಣಿಕೆಗೆ ಸಿಗದೆ, ಹಳೆಯ ಜಾಲತಾಣಗಳು ಕೆಡುತ್ತಿದ್ದವು. 2018ರ ಮಾರ್ಚಿನಲ್ಲಿ ಮೈಕೇಲ್ ಫಿಕಾರ ‘ಸ್ಮೂಶ್’ ಎಂಬ ಹೆಸರನ್ನು ಸೂಚಿಸಿದಾಗ ದೊಡ್ಡ ಗದ್ದಲವೇ ಆಯಿತು. ಮೇ ತಿಂಗಳಲ್ಲಿ ‘ಫ್ಲಾಟ್’ ಎಂಬುದು ನಿಶ್ಚಯವಾಯಿತು. ಮ್ಯಾಪ್, ಸಾರ್ಟ್, ಫಿಲ್ಟರ್ ಮೊದಲಾದ ಕ್ರಿಯಾಪದಗಳ ಪಂಕ್ತಿಯಲ್ಲಿ ಈ ವಿಶೇಷಣ ಹೊಂದುವುದಿಲ್ಲವೆಂದು ಆಕ್ಷೇಪಿಸುವವರು ಉಂಟು. ಹೊಸ ಬರಹಕ್ಕಾಗಿ ಹಳೆಯ ಬರಹವನ್ನು ಕೆತ್ತಿ ಅಳಿಸದ ಈ ನಿರ್ಣಯವನ್ನು ಇತಿಹಾಸಕಾರರಾದರೂ ಮೆಚ್ಚಬೇಕು.

ನಮ್ಮ ಮುಖ್ಯ ಆಕ್ಷೇಪ ಬೇರೆಯದು. ಪಲ್ಮಿಡಿ, ಮೂಳಿವಳ್ಳಿ, ವಾತಾಪಿ ಎಂಬ ಸಾಲು ಕೈಗೆ ಬಂದ ಮೇಲೆ ಯಾವ ಹೆಸರು ಯಾವ ಕಲ್ಲಿನದೆಂದು ಅದು ಹೇಳಲಾರದು. ‘ಮ್ಯಾಪ್’ನಲ್ಲಿ ಫಲದ ಸ್ಥಾನವೇ ಮೂಲದ ಸ್ಥಾನವನ್ನು ತೋರಿಸುತ್ತಿತ್ತು, ಇಲ್ಲಿ ಆ ಸಂಬಂಧ ಕಡಿದುಹೋಗುತ್ತದೆ. ಆಕರವಿಲ್ಲದ ಹೆಸರು ಇತಿಹಾಸದಲ್ಲಿ ಪ್ರಮಾಣವಲ್ಲ. ಕಲಿಸುವವರು ಈ ವಿಧಾನವನ್ನು ‘ಮ್ಯಾಪ್ ಮಾಡಿ ಒಂದು ಮಟ್ಟ ಬಿಡಿಸುವುದು’ ಎಂದಷ್ಟೇ ವಿವರಿಸಿ ಮುಂದೆ ಸಾಗಿದರೆ ವಿದ್ಯಾರ್ಥಿಗೆ ಈ ನಷ್ಟ ಗೋಚರಿಸುವುದೇ ಇಲ್ಲ.

ಪರಿಹಾರ ಭಾಷೆಯಲ್ಲಿಯೇ ಇದೆ. ಪ್ರತಿ ಹೆಸರನ್ನೂ ಅದರ ಶಾಸನಸಂಖ್ಯೆಯೊಡನೆ ಎರಡಂಶಗಳ ಜೋಡಿಯಾಗಿ ಮಾಡಿ, ಆ ಜೋಡಿಗಳ ಸರಣಿಯನ್ನು ಹಿಂದಿರುಗಿಸಬೇಕು. ಬಿಡಿಸುವಿಕೆ ಒಂದು ಮಟ್ಟಕ್ಕೆ ನಿಲ್ಲುವುದರಿಂದ ಜೋಡಿ ಒಡೆಯುವುದಿಲ್ಲ. ಕೆಲವರು ದೋಷವೆನ್ನುವ ಈ ಮಿತಿ ಇಲ್ಲಿ ಗುಣವಾಗುತ್ತದೆ. ಆದರೆ ಜೋಡಿ ಒಂದೇ ಇದ್ದಾಗಲೂ ಅದನ್ನು ಇನ್ನೊಂದು ಸರಣಿಯೊಳಗಿಟ್ಟೇ ಕೊಡತಕ್ಕದ್ದು. ಹಾಗೆ ಮಾಡದಿದ್ದಲ್ಲಿ ಸಂಖ್ಯೆ ಬೇರೆ, ಊರು ಬೇರೆಯಾಗಿ ಸಾಲಿನಲ್ಲಿ ಬೀಳುತ್ತವೆ. ಬಾದಾಮಿಯ ಶಾಸನದಂತೆ ಒಂದೇ ಊರನ್ನು ಹೇಳುವ ಕಲ್ಲುಗಳಲ್ಲಿಯೇ ಈ ಪ್ರಮಾದ ಸಂಭವಿಸುವುದು.