ಟ್ರೇಲರಿನ ಹೊಟ್ಟೆಯೊಳಗಿನ ಜಾಣತನ

ಅಮೆರಿಕದ ಕ್ಯಾಂಪಿಂಗ್ ಟ್ರೇಲರುಗಳ ತಳದಲ್ಲಿ ಸಾಮಾನ್ಯವಾಗಿ ಎರಡು ಕೊಳೆನೀರಿನ ಟ್ಯಾಂಕುಗಳಿರುತ್ತವೆ: ಒಂದು ಶೌಚಕ್ಕೆ, ಇನ್ನೊಂದು ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ. ಈ ಏರ್ಪಾಡಿನ ಅಚ್ಚುಕಟ್ಟಿಗೆ ಮನಸೋಲದಿರುವುದು ಕಷ್ಟ. ಚರಂಡಿಗೆ ಪೈಪು ಜೋಡಿಸಿದ್ದರೂ ಶೌಚದ ಟ್ಯಾಂಕಿನ ವಾಲ್ವ್ ಮುಚ್ಚಿಯೇ ಇರಬೇಕು. ತೆರೆದಿಟ್ಟರೆ ನೀರಷ್ಟೇ ಹರಿದುಹೋಗಿ, ಗಟ್ಟಿಯಾದದ್ದು ತಳದಲ್ಲಿ ಗುಡ್ಡೆ ಕಟ್ಟಿ ಒಣಗುತ್ತದೆ. ಮುಕ್ಕಾಲು ತುಂಬಿದ ಮೇಲೆ, ಕೈಗವಸು ತೊಟ್ಟು ಹಿಡಿ ಎಳೆದರೆ ನೀರಿನ ರಭಸಕ್ಕೆ ಎಲ್ಲವೂ ಕೊಚ್ಚಿಕೊಂಡು ಹೋಗುತ್ತದೆ. ಬಳಿಕ ಸೋಪುನೀರಿನ ಟ್ಯಾಂಕು ಬಿಟ್ಟರೆ 3 ಇಂಚಿನ ಪೈಪೂ ತೊಳೆದಂತಾಯಿತು. ಪೈಪಿಗೆ ಜೋಡಿಸಿದ ಪಾರದರ್ಶಕ ಎಲ್ಬೋದಲ್ಲಿ, ಅಂದರೆ ಬಾಗಿದ ಕೊಳವೆಯ ತುಂಡಿನಲ್ಲಿ, ನೀರು ತಿಳಿಯಾದದ್ದು ಕಣ್ಣಿಗೇ ಕಾಣುತ್ತದೆ. ಪಂಪು ಬೇಡ, ಕರೆಂಟೂ ಬೇಡ. ಇಳಿಜಾರು ಮತ್ತು ಸರಿಯಾದ ಸರದಿ ಸಾಕು. ತಾನು ಮಾಡಿದ ಗಲೀಜನ್ನು ತಾನೇ ವಿಲೇವಾರಿ ಮಾಡುವುದನ್ನು ಕಲಿಸುವ ಇದಕ್ಕಿಂತ ಒಳ್ಳೆಯ ಪ್ರವಾಸಿ ಸಲಕರಣೆ ಇನ್ನೊಂದಿಲ್ಲ.