ಕೂದಲಲ್ಲಿ ನೇಯ್ದ ದುಃಖ

 19ನೇ ಶತಮಾನದ ಅಮೆರಿಕದ ಹೆಂಗಸರು ಸೂತಕಕ್ಕೆಂದೇ ಬೇರೆ ಒಡವೆ ತೊಡುತ್ತಿದ್ದರು: ಕರಿ ಬ್ರೂಚು, ಸತ್ತವರ ಹೆಸರು ಕೆತ್ತಿದ ಉಂಗುರ, ಅವರ ಕೂದಲನ್ನಿಟ್ಟ ಲಾಕೆಟ್ಟು. ಈಗ ಸಂಗ್ರಾಹಕರು ಇವೆಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು ಮೆಚ್ಚುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ.

1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ಬ್ರಿಟನ್ನಿನ ರಾಣಿ ವಿಕ್ಟೋರಿಯಾ 1901ರಲ್ಲಿ ತಾನು ಸಾಯುವತನಕ ಕಪ್ಪು ಬಿಡಲಿಲ್ಲ. ಇಂಗ್ಲೆಂಡಿನ ವಿಟ್ಬಿ ಊರಿನ ಜೆಟ್‌ಗೆ, ಅಂದರೆ ನೆಲದಡಿ ಯುಗಗಟ್ಟಲೆ ಹುದುಗಿ ಕಪ್ಪಾದ ಮರಕ್ಕೆ, ಎಲ್ಲಿಲ್ಲದ ಬೇಡಿಕೆ ಬಂತು. ಅದು ಕೈಗೆಟುಕದವರಿಗೆ ಕಪ್ಪು ಗಾಜು, ಗಟ್ಟಿಗೊಳಿಸಿದ ರಬ್ಬರು. ಕೆಲಸ ನಯವಾದದ್ದೇ, ಆದರೆ ಯಾರ ಸಾವಿಗೂ ಹೊಂದುವ ಒಡವೆಯಲ್ಲಿ ಸತ್ತವರ ಗುರುತೇ ಇಲ್ಲ.

ಸಂಕೇತಗಳ ಕಥೆ ಇದಕ್ಕಿಂತ ದೊಡ್ಡದು. 17ನೇ ಶತಮಾನದ ಉಂಗುರದ ತಲೆಬುರುಡೆ, ತೊಟ್ಟವರಿಗೆ ಅವರ ಸಾವನ್ನೇ ನೆನಪಿಸುತ್ತಿತ್ತು. 18ನೇ ಶತಮಾನದ ಕೊನೆಗೆ ಅಸ್ಥಿಕಲಶ, ಜೋತುಬಿದ್ದ ವಿಲೋ ಮರ, ಅದರಡಿ ಅಳುವ ಹೆಣ್ಣು ಬಂದವು. ಕಣ್ಣು ಸಾವಿನಿಂದ ಉಳಿದವರ ದುಃಖದ ಕಡೆ ಹೊರಳಿತು. ಚಿಕ್ಕ ಮುತ್ತೆಂದರೆ ಕಣ್ಣೀರು. ಬಾಲ ಕಚ್ಚಿದ ಹಾವೆಂದರೆ ಮುಗಿಯದ ಕಾಲ. ಬಿಳಿ ಎನಾಮೆಲ್ ಮಕ್ಕಳಿಗೆ, ಮದುವೆಯಾಗದೆ ಹೋದವರಿಗೆ.

ನನ್ನ ಮನಸ್ಸು ನಿಲ್ಲುವುದು ಕೂದಲ ಕೆಲಸದಲ್ಲಿ. ಅಂಗಡಿಗೆ ಕೊಟ್ಟರೆ ಬೇರೆಯವರ ಕೂದಲು ಸೇರಿಸಿಬಿಟ್ಟಾರೆಂಬ ಅಂಜಿಕೆ ಜನರಲ್ಲಿತ್ತು. ಮಾರ್ಕ್ ಕ್ಯಾಂಬೆಲ್ 1867ರಲ್ಲಿ ಪ್ರಕಟಿಸಿದ ಕೈಪಿಡಿ, ಕೂದಲನ್ನು ಮನೆಯಲ್ಲೇ ಹೆಣೆಯುವುದನ್ನು ಕಲಿಸಿತು. ತಾಯಿಯ ಕೂದಲನ್ನು ಮಗಳೇ ಎಳೆ ಎಳೆಯಾಗಿ ಹೆಣೆಯುವಾಗ ಶೋಕಕ್ಕೆ ಮಾಡಲೊಂದು ಕೆಲಸ ಸಿಕ್ಕಿತು. ಇಡೀ ಪದ್ಧತಿಯಲ್ಲಿ ನಿಜವಾದ ಕಲೆ ಇದೇ.

ಕೂದಲೆಂದರೆ ಮೈಲಿಗೆ ಎನ್ನುವ ನಮ್ಮ ಕಡೆಯವರಿಗೆ ಇದು ಮುಜುಗರವೇ. ನಮ್ಮಲ್ಲಿ ಕೆಲವು ಜಾತಿಗಳಲ್ಲಿ ವಿಧವೆಯ ತಲೆಯನ್ನೇ ಬೋಳಿಸುತ್ತಿದ್ದರು. ಕರ್ನಾಟಕದ ಮಾಸ್ತಿಕಲ್ಲುಗಳಲ್ಲಿ ಗಂಡನ ಚಿತೆಯೇರಿದವಳ ಎತ್ತಿದ ತೋಳಿನ ತುಂಬ ಬಳೆ. ಬದುಕಿ ಉಳಿದವಳ ಬಳೆಯನ್ನು ಮಾತ್ರ ಒಡೆದರು. ವಿಕ್ಟೋರಿಯನ್ ಕಟ್ಟಳೆಯೂ ಹೆಣ್ಣಿನ ಮೇಲೇ ಭಾರ ಹೇರಿತು: ವಿಧವೆಗೆ ವರ್ಷಗಟ್ಟಲೆ ಕಪ್ಪು, ವಿಧುರನಿಗೆ ಕೆಲವೇ ತಿಂಗಳು. ಆದರೂ ಅವಳ ಕೊರಳಲ್ಲಿ ಅವಳಿಗೆ ಬೇಕಾದವರ ಗುರುತು ಉಳಿಯಿತು. ನಮ್ಮವಳ ಕೊರಳನ್ನು ಬರಿದು ಮಾಡಿದರು. ಕರ್ನಾಟಕದ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಬಳೆ ಒಡೆಯುವುದು, ತಾಳಿ ತೆಗೆಯುವುದು, ಕುಂಕುಮ ಅಳಿಸುವುದು ನಿಲ್ಲಬೇಕೆಂದು ಠರಾವು ಮಾಡಿದ್ದು 2022ರ ಮೇ ತಿಂಗಳಲ್ಲಿ.