ಬೆಲೆ ಕಾಣದ ಸಂತೆ: ಜೆರೋಮನ ಕೈರೋ, ನಮ್ಮ ಮಾಡಗ್ಯಾಳ

ಪರದೆಯ ಮೇಲೆ ಕಾಣ್ತಿರೋದು ಫ್ರೆಂಚ್ ಕಲಾವಿದ ಜಾಂ-ಲಿಯೋನ್ ಜೆರೋಮ್ ಸುಮಾರು 1887ರಲ್ಲಿ ಬಿಡಿಸಿದ ‘ದಿ ಕಾರ್ಪೆಟ್ ಮರ್ಚಂಟ್’. ಮೂಲಚಿತ್ರ ಅಮೆರಿಕದ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿದೆ. ಇದು ಕೈರೋದ ರತ್ನಗಂಬಳಿ ಪೇಟೆ. ಮೇಲಿನಿಂದ ದೊಡ್ಡದೊಂದು ಗಂಬಳಿ ಇಳಿಬಿಟ್ಟಿದ್ದಾರೆ, ನೆಲದ ಮೇಲೂ ಗಂಬಳಿಗಳಿವೆ, ಬಣ್ಣದ ನಿಲುವಂಗಿ ತೊಟ್ಟ ಗಂಡಸರು ನಿಂತು ನೋಡ್ತಿದ್ದಾರೆ.

ಲಿಂಡಾ ನೋಕ್ಲಿನ್ 1983ರ ‘ದಿ ಇಮ್ಯಾಜಿನರಿ ಓರಿಯಂಟ್’ ಪ್ರಬಂಧದಲ್ಲಿ, ಜೆರೋಮನಂಥ ಓರಿಯಂಟಲಿಸ್ಟರ ಚಿತ್ರಗಳಲ್ಲಿ ಏನೇನು ಇಲ್ಲ ಅನ್ನೋದನ್ನು ಗುರುತಿಸುತ್ತಾರೆ. ಚರಿತ್ರೆ ಇಲ್ಲ, ನೋಡುತ್ತಿರುವ ಯುರೋಪಿಯನ್ ಇಲ್ಲ, ಕುಂಚದ ಗುರುತೂ ಇಲ್ಲ. ಮೇಲ್ಮೈ ಎಷ್ಟು ನುಣುಪು ಅಂದ್ರೆ, ಇದನ್ನು ಒಬ್ಬ ಮನುಷ್ಯ ಬಿಡಿಸಿದ ಅನ್ನೋದೇ ಮರೆತುಹೋಗ್ತದೆ. ಈ ಪಟ್ಟಿಗೆ ಜತ್ತ ತಾಲ್ಲೂಕಿನವನಾದ ನಾನು ಇನ್ನೊಂದನ್ನು ಸೇರಿಸ್ತೀನಿ: ಇಲ್ಲಿ ಬೆಲೆ ಇಲ್ಲ.

ನಮ್ಮ ತಾಲ್ಲೂಕಿನ ಮಾಡಗ್ಯಾಳದ ಹೆಸರಲ್ಲಿ ಒಂದು ಕುರಿ ತಳಿಯೇ ಇದೆ. ಬಿಳಿ ಮೈ, ಕಂದು ಮಚ್ಚೆ, ಬಾಗಿದ ಮೂಗು. ನಮ್ಮ ಕಡೆಯ ಜಾನುವಾರು ಸಂತೆಗಳ ಹಳೇ ಪದ್ಧತಿಯಲ್ಲಿ ದರವನ್ನು ಬಾಯಿಬಿಟ್ಟು ಹೇಳೋದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸ್ತಾರೆ. ಹೊರಗೆ ನಿಂತವರಿಗೆ ಟವೆಲ್ಲು, ರುಮಾಲು, ಕುರಿಯ ಮೂಗು ಎಲ್ಲಾ ಕಾಣ್ತದೆ. ಆದರೆ ಒಂದು ಮನೆಯ ಸಾಲ, ಮಗಳ ಮದುವೆ, ಮೇವಿನ ಕೊರತೆ ಇರೋದು ಆ ಬೆರಳುಗಳಲ್ಲಿ.

ಜೆರೋಮ್ ನಿಂತದ್ದು ಟವೆಲ್ಲಿನ ಈಚೆ. ಅವನ ಗಂಬಳಿ ಸುಳ್ಳು ಅಂತ ನಾನು ಹೇಳೋದಿಲ್ಲ. ನೇಯ್ಗೆಯನ್ನು ಅವನು ಅಷ್ಟು ಶ್ರದ್ಧೆಯಿಂದ ನೋಡಿದ್ದಾನೆ. ಆದರೆ ಇವತ್ತು ಇದು ಮಾರದೇ ಹೋದರೆ ಮಾರುವವನ ಗತಿ ಏನು ಅನ್ನೋ ಪ್ರಶ್ನೆ ಈ ಚಿತ್ರದಲ್ಲಿ ಹುಟ್ಟೋದೇ ಇಲ್ಲ. ಚಿತ್ರದಲ್ಲಿ ದರ ಬರೀಬೇಕಿತ್ತೇನು ಅಂತ ನೀವು ಕೇಳಬಹುದು. ದರ ಬೇಡ, ಒಂದು ಮುಖದಲ್ಲಿ ಅದರ ಆತಂಕ ಇದ್ದರೂ ಸಾಕಿತ್ತು.

ಹಾಗಂತ ಹೊರಗಿನವರನ್ನಷ್ಟೇ ಬೈದು ಮುಗಿಸೋ ಹಾಗಿಲ್ಲ. ಎಂ.ವಿ. ಧುರಂಧರ್ 1867ರಲ್ಲಿ ನಮ್ಮ ಪಕ್ಕದ ಕೊಲ್ಹಾಪುರದಲ್ಲೇ ಹುಟ್ಟಿದವರು. ಬ್ರಿಟಿಷ್ ಅಧಿಕಾರಿ ಎಸ್.ಎಂ. ಎಡ್ವರ್ಡ್ಸ್ ಮುಂಬೈಯ ಬೀದಿಬದುಕಿನ ಬಗ್ಗೆ ಬರೆದ ‘ಬೈ-ವೇಸ್ ಆಫ್ ಬಾಂಬೆ’ ಪುಸ್ತಕದ 1912ರ ಆವೃತ್ತಿಗೆ ಚಿತ್ರ ಬರೆದವರು ಅವರೇ. ಕೈ ನಮ್ಮದು, ಪುಸ್ತಕ ಆಳುವವರದ್ದು. ಅಂದಮೇಲೆ ಪ್ರಶ್ನೆ ಕಲಾವಿದ ಯಾವ ಊರಿನವನು ಅನ್ನೋದಲ್ಲ. ಯಾರಿಗೋಸ್ಕರ, ಎಲ್ಲಿ ನಿಂತು ನೋಡ್ತಾನೆ ಅನ್ನೋದು.

ಈ ಮಾತು ನನಗೂ ತಟ್ಟಿದೆ. ಬಿ.ಎ. ಓದುವಾಗ ಸಂತೆಯಲ್ಲಿ ನನ್ನ ಸೋದರಮಾವನ ಫೋಟೋ ತೆಗೆದು ಕಾಲೇಜಿನ ಪ್ರದರ್ಶನಕ್ಕೆ ಕೊಟ್ಟಿದ್ದೆ. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಎರಡು ಕುರಿ, ಹಿಂದೆ ಸಂಜೆಯ ಧೂಳು. ‘ಗ್ರಾಮೀಣ ಸೊಬಗು’ ಅಂತ ಹೆಸರಿಟ್ಟಿದ್ದೆ. ಮೆಚ್ಚುಗೆಯೂ ಸಿಕ್ಕಿತು. ಮಾವನಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ ಹೇಳಿದರು: “ಚಲೋ ಬಂದೈತಿ ಅಳಿಯಾ. ಆದ್ರ ಅವತ್ತು ಕುರಿ ಯಾಕ ಮಾರಾಕ ಬಂದಿದ್ನಿ ಅಂತ ನೀ ಕೇಳಲೇ ಇಲ್ಲ.”

ಅವು ಅವರ ಕೊನೆಯ ಎರಡು ಕುರಿಗಳು. ನನಗೆ ಗೊತ್ತಿರಲಿಲ್ಲ. ಚಿತ್ರ ನೋಡಿದವರಿಗೂ ಗೊತ್ತಾಗಲಿಲ್ಲ. ಜೆರೋಮನ ಬಗ್ಗೆ ಚರ್ಚೆ ಶುರು ಮಾಡೋ ಮೊದಲು ಇದನ್ನು ಒಪ್ಪಿಕೊಳ್ಳಬೇಕು ಅನ್ನಿಸ್ತು.